ಹೊಸಬರನ್ನು ಆಷಾಢದಲ್ಲೇ ಸೇರಿಸಿಕೊಳ್ಳಿ

ದಾವಣಗೆರೆಯ ಜವಳಿ ಅಂಗಡಿಗಳ ಮುಂದೆ 'ಸೇಲ್ಸ್ ಕೆಲಸಕ್ಕೆ ಬೇಕಾಗಿದ್ದಾರೆ' ಅನ್ನುವ ಬೋರ್ಡ್ ಜಾಸ್ತಿ ಕಾಣುವುದು ದೀಪಾವಳಿ ಹತ್ತಿರ ಬಂದಾಗ. ಹೊಸಬರನ್ನು ಸೇರಿಸಿಕೊಳ್ಳಲು ಇದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ. ನಾನು ಇಲ್ಲಿನ ಒಂದು ಅಂಗಡಿಯಲ್ಲಿ ಸೀರೆ ವಿಭಾಗ ನೋಡಿಕೊಳ್ಳುತ್ತೇನೆ. ಸೇರಿದವರು ತಿಂಗಳೊಳಗೆ ಹೇಳದೆ ಕೇಳದೆ ಬಿಟ್ಟು ಹೋಗುವುದನ್ನು ಬಹಳ ನೋಡಿದ್ದೇನೆ. 'ಈಗಿನ ಹುಡುಗರಿಗೆ ಮೈ ಬಗ್ಗಲ್ಲ' ಅಂತ ಸಾಹುಕಾರರು ಬೈಯುತ್ತಾರೆ. ಮೈ ಬಗ್ಗುತ್ತದೆ. ಕಲಿಸುವವರು ಬೇಕು ಅಷ್ಟೇ.

ದೀಪಾವಳಿ ಹೊತ್ತಿಗೆ ಎಪಿಎಂಸಿಗೆ ಮೆಕ್ಕೆಜೋಳ ಬರತೊಡಗುತ್ತದೆ, ರೈತರ ಕೈಯಲ್ಲಿ ದುಡ್ಡು ಆಡುತ್ತದೆ. ತುಳಸಿ ಹಬ್ಬ ಮುಗಿದರೆ ಮದುವೆ ಶುರು. ಜಗಳೂರು, ಹರಪನಹಳ್ಳಿ, ಚನ್ನಗಿರಿ ಕಡೆಯಿಂದ ಮನೆಮಂದಿಯೆಲ್ಲ ಗಾಡಿ ಮಾಡಿಕೊಂಡು ಜವಳಿ ತೆಗೆಯಲು ಬರುತ್ತಾರೆ. ಆಗ ಹೊಸ ಹುಡುಗಿ 'ಅಕ್ಕಾ, ಇದು ಕ್ರೇಪಾ, ಜಾರ್ಜೆಟ್ಟಾ?' ಅಂತ ಕೇಳಿದರೆ ತಿರುಗಿ ನೋಡಲು ಯಾರಿಗೂ ಪುರುಸೊತ್ತಿಲ್ಲ. ಎರಡು ಸಲ ಬೈಸಿಕೊಂಡವಳು ಮೂರನೇ ಸಲ ಕೇಳುವುದಿಲ್ಲ. ಆಮೇಲೆ ಕೆಲಸಕ್ಕೂ ಬರುವುದಿಲ್ಲ.

ಆಷಾಢದಲ್ಲಿ ಮದುವೆ ಇಲ್ಲ. ಡಿಸ್ಕೌಂಟ್ ಸೇಲ್‌ಗೆ ಜನ ಬರುತ್ತಾರೆ, ನಿಜ. ಆದರೆ ರಾಶಿಯಲ್ಲಿ ತಾವೇ ಆರಿಸಿಕೊಳ್ಳುತ್ತಾರೆ. ಅವರು ಬಿಚ್ಚಿ ಬಿಟ್ಟುಹೋದ ಸೀರೆ ಮಡಚುವುದೇ ದೊಡ್ಡ ಕೆಲಸ. ಹೊಸಬರಿಗೆ ಅದೇ ಪಾಠ. ಮಡಚುತ್ತಾ ಮಡಚುತ್ತಾ ಕೈಗೆ ಬಟ್ಟೆ ಗೊತ್ತಾಗುತ್ತದೆ. ಸೆರಗು ಯಾವ ಕಡೆ, ಬ್ಲೌಸ್ ಪೀಸ್ ಸೀರೆಯಲ್ಲೇ ಇದೆಯೋ ಬೇರೆಯೋ, ಜರಿ ಸೀರೆಯನ್ನು ಒಂದೇ ಗೆರೆಯಲ್ಲಿ ಮತ್ತೆ ಮತ್ತೆ ಯಾಕೆ ಮಡಚಬಾರದು, ಯಾವ ರ‍್ಯಾಕಿನಲ್ಲಿ ಯಾವ ಬೆಲೆಯದ್ದು, ಎಲ್ಲವೂ ತಿಳಿಯುತ್ತದೆ. ವರಮಹಾಲಕ್ಷ್ಮಿ ಹಬ್ಬದ ಗಿರಾಕಿ ನುಗ್ಗುವ ಹೊತ್ತಿಗೆ ಅವರು ಕೇಳಿದ ಸೀರೆಯನ್ನು ಹುಡುಕದೆ ಎಳೆದುಕೊಡುತ್ತಾರೆ.

ಹಾಗಂತ ಮಡಚುವುದಕ್ಕೇ ಹಾಕಿ ಮರೆತುಬಿಡಬಾರದು. ಪಿಯುಸಿ, ಡಿಗ್ರಿ ಓದಿ ಬಂದವರಿಗೆ ಬೇಗ ಬೇಸರ ಬರುತ್ತದೆ. ಶ್ರಾವಣದಲ್ಲಿ ಮೊದಲ ಮದುವೆ ಜವಳಿ ಬಂದಾಗ ಪಕ್ಕದಲ್ಲಿ ನಿಲ್ಲಿಸಬೇಕು. ಮಾತು ಬೇಡ, ನೋಡಲಿ. ಗುಂಪಾಗಿ ಬಂದವರಲ್ಲಿ ಹೊಸಬರು ಮದುಮಗಳಿಗೇ ಸೀರೆ ತೋರಿಸುತ್ತಾ ಇರುತ್ತಾರೆ. 'ಆಗಲಿ' ಅನ್ನಬೇಕಾದವರು ಮೂಲೆಯಲ್ಲಿ ಚೀಲ ಹಿಡಿದು ಸುಮ್ನೆ ಕೂತಿರುವ ಸೋದರತ್ತೆ! ಅವರ ಕಣ್ಣು ಯಾವ ಸೀರೆಯ ಮೇಲೆ ಎರಡನೇ ಸಲ ಹೋಯಿತು ಅಂತ ಗಮನಿಸಲು ಕಲಿತವರಿಗೆ ವ್ಯಾಪಾರ ಕುದುರುತ್ತದೆ.

ಕಲಿಸಲು ಯಾರನ್ನು ಹಾಕಬೇಕು? ಎಲ್ಲರೂ ಹಳೇ ತಲೆಯನ್ನೇ ಹಾಕುತ್ತಾರೆ. ನನ್ನ ಪ್ರಕಾರ ಹೋದ ವರ್ಷ ಸೇರಿದವರೇ ಸರಿ. ಬಹಳ ವರ್ಷದಿಂದ ಇರುವವರು ಮುಟ್ಟಿದ ಕೂಡಲೇ ಬಟ್ಟೆ ಗುರುತಿಸುತ್ತಾರೆ, ಹೇಗೆ ಅಂದರೆ ಹೇಳಲು ಬರುವುದಿಲ್ಲ. ಮೇಲಾಗಿ ಅವರ ಇನ್ಸೆಂಟಿವ್ ವ್ಯಾಪಾರದ ಮೇಲೆ. ಕಲಿಸುತ್ತಾ ನಿಂತರೆ ಅವರಿಗೇ ನಷ್ಟ. ಹೋದ ವರ್ಷದವಳಿಗೆ ತಾನು ತಡವರಿಸಿದ ಜಾಗಗಳು ಇನ್ನೂ ನೆನಪಿರುತ್ತವೆ. ಬಾತ್‌ರೂಮ್ ಎಲ್ಲಿ, ಊಟಕ್ಕೆ ಯಾರ ಜೊತೆ ಕೂರಬೇಕು, ಸಾಹುಕಾರರನ್ನು ಸಾರ್ ಅನ್ನಬೇಕಾ ಅಣ್ಣ ಅನ್ನಬೇಕಾ, ಇಂಥದ್ದನ್ನು ನನ್ನ ಹತ್ತಿರ ಯಾರೂ ಕೇಳುವುದಿಲ್ಲ. ಅವಳನ್ನು ಕೇಳುತ್ತಾರೆ. ಕಲಿಸುವ ತಿಂಗಳು ಅವಳ ಟಾರ್ಗೆಟ್ ಮಾತ್ರ ಇಳಿಸಬೇಕು, ಇಲ್ಲದಿದ್ದರೆ ಅವಳಿಗೂ ಹೊರೆಯೇ ಅಲ್ವಾ?

ಹೊಸಬರಿಗೆ ಏನೂ ಗೊತ್ತಿಲ್ಲ ಅಂದುಕೊಳ್ಳುವುದೂ ಬೇಡ. ಅಜ್ಜಿಯೊಬ್ಬರು ಬಂದು 'ಹದಿನಾರು ಮೊಳದ್ದು ತೋರ್ಸವ್ವ' ಅಂದಾಗ ನಮ್ಮ ಸೀನಿಯರ್ ಪಿಳಿಪಿಳಿ ನೋಡುತ್ತಿದ್ದರು. ಹರಪನಹಳ್ಳಿ ಕಡೆಯ ಹೊಸ ಹುಡುಗಿ ನೇರ ಹೋಗಿ ಎಂಟು ಗಜದ ಇಳಕಲ್ ಸೀರೆ ತಂದಳು. ಎರಡು ಮೊಳಕ್ಕೆ ಒಂದು ಗಜ. ಅವಳ ಅಜ್ಜಿ ಉಡುವುದೂ ಅದನ್ನೇ. ಆವತ್ತಿನಿಂದ ಆ ರ‍್ಯಾಕ್ ಅವಳದ್ದು.

ಜನ ಬಿಟ್ಟು ಹೋಗುವ ಇನ್ನೊಂದು ದಿನ ಮೊದಲ ಸಂಬಳದ ದಿನ. 12,000 ಅಂತ ಹೇಳಿರುತ್ತಾರೆ, ಕೈಗೆ ಬರುವುದು 10,470. ಪಿಎಫ್ ಶೇ 12 ಅಂದರೆ 1,440. ಕೆಲಸಗಾರರ ವಿಮೆ ಇಎಸ್‌ಐ ಶೇ 0.75 ಅಂದರೆ 90. ಮೊದಲೇ ಹೇಳದಿದ್ದರೆ ಅಂಗಡಿಯವರೇ ನುಂಗಿದರು ಅಂದುಕೊಳ್ಳುತ್ತಾರೆ. ಸೇರಿದ ದಿನವೇ ಈ ಲೆಕ್ಕ ಬರೆದು ಕೊಡಿ. ಮಾಲೀಕರೂ ತಮ್ಮ ಪಾಲು ಕಟ್ಟುತ್ತಾರೆ, ನಿಟ್ಟುವಳ್ಳಿಯ ಇಎಸ್‌ಐ ಆಸ್ಪತ್ರೆಯಲ್ಲಿ ಮನೆಯವರಿಗೂ ಚಿಕಿತ್ಸೆ ಸಿಗುತ್ತದೆ ಅಂತ ಗೊತ್ತಾದರೆ ಆ 90 ರೂಪಾಯಿ ಯಾರಿಗೂ ಭಾರ ಅನ್ನಿಸುವುದಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ದುಡಿದು ವಾಪಸ್ ಬಂದವರಿದ್ದರೆ ಪಿಎಫ್ ಖಾತೆಯ ಹಳೇ ಯುಎಎನ್ ನಂಬರ್ ಕೇಳಿ ಅದನ್ನೇ ಮುಂದುವರಿಸಿ. ಹೊಸದು ಮಾಡಿಸಿದರೆ ಹಳೇ ದುಡ್ಡಿಗಾಗಿ ಅವರು ಅಲೆಯಬೇಕಾಗುತ್ತದೆ.

ಬಸ್ಸಿನ ಟೈಮನ್ನೂ ಆವತ್ತೇ ಕೇಳಿಡಿ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯಿಂದ ದಿನಾ ಬಂದು ಹೋಗುವ ಹೆಣ್ಣುಮಕ್ಕಳು ನಮ್ಮಲ್ಲಿ ಜಾಸ್ತಿ. ಸರ್ಕಾರಿ ಬಸ್ ತಪ್ಪಿದರೆ ಖಾಸಗಿ ಬಸ್ಸಿಗೆ ದುಡ್ಡು ಕೊಡಬೇಕು, ಮನೆಯಲ್ಲಿ ಬೈಗುಳ ಬೇರೆ. ತಡವಾಗುವ ಸ್ಟಾಕ್ ಎಣಿಸುವ ಕೆಲಸವನ್ನು ದಾವಣಗೆರೆಯಲ್ಲೇ ಇರುವವರಿಗೆ ಕೊಟ್ಟರೆ ಆಯಿತು.

ಇನ್ನು ಕಾಲು. ದಿನವಿಡೀ ನಿಂತು ಅಭ್ಯಾಸ ಇಲ್ಲದವರಿಗೆ ಮೊದಲ ವಾರ ಕಾಲು ಊದಿಕೊಳ್ಳುತ್ತದೆ. ಅಂಗಡಿ ಕೆಲಸದವರಿಗೆ ಕೂರಲು ವ್ಯವಸ್ಥೆ ಇರಲೇಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ಮಾಡಿದವು. ಕೌಂಟರ್ ಹಿಂದೆ ಸ್ಟೂಲ್ ಹಾಕಿಸಿ ಅಂತ ನಾನೂ ಕೇಳಿದೆ. 'ಗಿರಾಕಿ ಬಂದಾಗ ಕೂತಿದ್ರೆ ಏನಂದ್ಕೋತಾರೆ?' ಅಂದರು ಸಾಹುಕಾರರು. ಅವರ ತಂದೆ ಇದೇ ಅಂಗಡಿಯಲ್ಲಿ ಗಾದಿಯ ಮೇಲೆ ಕೂತೇ ವ್ಯಾಪಾರ ಮಾಡಿದ್ದನ್ನು ನೆನಪಿಸಿದೆ. ನಕ್ಕರು. ಈ ಆಷಾಢಕ್ಕೆ ನಾಲ್ಕು ಸ್ಟೂಲ್ ಬಂದಿವೆ. ಸದ್ಯಕ್ಕೆ ಗೋಡೌನಿನಲ್ಲಿವೆ, ಕೌಂಟರ್ ತನಕ ತರಿಸುವ ಮಾತು ನಡೆಯುತ್ತಿದೆ.