ಅಕ್ಟೋಬರಿನ ನೋಟ್‌ಬುಕ್ ಜನವರಿಗೆ ಸಲ್ಲಲಿಲ್ಲ

ಜನವರಿಯ ಮೂರನೆಯ ವಾರ. ಬೆಳಿಗ್ಗೆ ಎಂಟೂವರೆಯಾದರೂ ಬೆಳಕು ಸರಿಯಾಗಿ ಹರಿದಿರಲಿಲ್ಲ. ಇಬ್ಬರು ಅತಿಥಿಗಳು ತೊಡೆಮಟ್ಟದ ನೀರಿನಲ್ಲಿ ನಿಂತಿದ್ದರು. ನಾನು ಅವರ ಗಾಳದ ಕೋಲಿನ ಉಂಗುರಗಳಲ್ಲಿ ಕಟ್ಟಿದ ಮಂಜುಗಡ್ಡೆಯನ್ನು ಉಗುರಿನಿಂದ ಕೀಳುತ್ತಿದ್ದೆ. ನೇಯ್ದ ದಾರ ನೀರನ್ನು ಹೀರಿಕೊಂಡು ಬರುತ್ತದೆ, ಉಂಗುರದಲ್ಲಿ ಹಿಂಡುತ್ತದೆ, ಅಲ್ಲೇ ಹೆಪ್ಪುಗಟ್ಟುತ್ತದೆ. ಚಳಿಗಾಲಕ್ಕೆ ಸಾದಾ ನೈಲಾನ್ ದಾರವೇ ವಾಸಿ ಎಂಬುದೂ ನನಗಾಗ ಗೊತ್ತಿರಲಿಲ್ಲ. ಎರಡು ದಿನದಿಂದ ನನಗೆ ಅದೊಂದೇ ಕೆಲಸ. ಮೀನಿನ ಸುಳಿವೇ ಇರಲಿಲ್ಲ.

ಡೆನ್ಮಾರ್ಕಿನ ಫ್ಯೂನ್ ದ್ವೀಪದಲ್ಲಿ, ಕಡಲಲ್ಲಿ ಬೆಳೆದು ತೊರೆಗೆ ಹೋಗಿ ಮೊಟ್ಟೆಯಿಡುವ ಕಡಲ ಟ್ರೌಟ್ ಎಂಬ ಮೀನನ್ನು ಹಿಡಿಯಲು ಬರುವವರಿಗೆ ದಾರಿ ತೋರಿಸುವ ಗೈಡ್ ಕೆಲಸಕ್ಕೆ ಸೇರಿದ ಮೊದಲ ಚಳಿಗಾಲ ಅದು. ಗಂಗೊಳ್ಳಿಯ ಮೀನುಗಾರರ ಮನೆಯಲ್ಲಿ ಹುಟ್ಟಿದವನು, ಮಂಗಳೂರಿನಲ್ಲಿ ಮೀನುಗಾರಿಕೆಯನ್ನೇ ಓದಿದವನು. ನೀರಿನ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ಬೇಕಾದಷ್ಟಿತ್ತು. ಅದಕ್ಕೆ ಆಧಾರವಾಗಿ ಒಂದು ನೋಟ್‌ಬುಕ್ಕೂ ಇತ್ತು. ದ್ವೀಪದ ಪೂರ್ವಕ್ಕೆ, ಗ್ರೇಟ್ ಬೆಲ್ಟ್ ಜಲಸಂಧಿಯ ಕಡೆ, ಬಿಳಿ ಮರಳಿನ ನಡುವೆ ಕಪ್ಪು ಪಾಚಿ ಕಲ್ಲುಗಳು ಚುಕ್ಕಿ ಚುಕ್ಕಿಯಾಗಿ ಕಾಣುವ ಜಾಗಗಳಿವೆ. ಇಲ್ಲಿನವರು ಅದನ್ನು ಚಿರತೆ ತಳ ಎನ್ನುತ್ತಾರೆ. ಅಕ್ಟೋಬರಿನಲ್ಲಿ ಅಲ್ಲಿ ಒಳ್ಳೆಯ ಮೀನು ಸಿಕ್ಕಿತ್ತು. ಯಾವ ಕಲ್ಲಿನ ಪಕ್ಕ, ಎಷ್ಟು ಹೆಜ್ಜೆ ಒಳಗೆ, ಎಲ್ಲವನ್ನೂ ಬರೆದಿಟ್ಟಿದ್ದೆ. ಜನವರಿಯಲ್ಲಿ ಅದೇ ಪುಟ ತೆರೆದು ಅದೇ ಕಲ್ಲಿನ ಬಳಿಗೆ ಹೋದೆ.

ಎರಡನೆಯ ಸಂಜೆ ಬೇರೆ ದಾರಿ ಕಾಣದೆ ನಮ್ಮ ಹಿರಿಯ ಗೈಡ್‌ಗೆ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: “ನೀರು ಎಷ್ಟು ಡಿಗ್ರಿ ಇತ್ತು?” ಗಾಳಿಯ ಉಷ್ಣಾಂಶ ಮೈನಸ್ ನಾಲ್ಕು ಎಂದೆ. “ಮೀನು ಗಾಳಿಯಲ್ಲಿ ಇರುವುದಿಲ್ಲವಲ್ಲ” ಎಂದು ಫೋನಿಟ್ಟರು. ಮರುದಿನ ಬೆಳಿಗ್ಗೆ ತಾವೇ ಬಂದರು. ಅತಿಥಿಗಳಿಗೆ ಹತ್ತು ಗಂಟೆಯವರೆಗೆ ನಿದ್ದೆ ಮಾಡಲು ಹೇಳಿದರು. ಅದೇ ನನಗೆ ಮೊದಲ ಆಶ್ಚರ್ಯ.

ಅವರು ಕರೆದೊಯ್ದದ್ದು ದ್ವೀಪದ ನೆಲದೊಳಗೆ ಚಾಚಿಕೊಂಡ ಓಡೆನ್ಸೆ ಫ್ಯೋರ್ಡಿನ ಒಳಭಾಗಕ್ಕೆ. ಆಳವಿಲ್ಲದ, ಕಪ್ಪು ಕೆಸರಿನ, ನೋಡಿದರೆ ಯಾರಿಗೂ ಮನಸ್ಸಾಗದ ಕೊಲ್ಲಿ. ಫೋಟೋಕ್ಕೂ ಲಾಯಕ್ಕಿಲ್ಲ. ಇವರು ದಾರಕ್ಕೆ ಕಟ್ಟಿದ ಥರ್ಮಾಮೀಟರನ್ನು ಇಳಿಬಿಟ್ಟು ನೋಡಿದರು, ಆಮೇಲೆ ತೋರುಬೆರಳನ್ನು ನೀರಿನಲ್ಲಿ ಅದ್ದಿ ನಾಲಿಗೆಗೆ ಮುಟ್ಟಿಸಿದರು. ನಾನು ಅಲ್ಲೇ ನಿಂತುಬಿಟ್ಟೆ. ಮಳೆಗಾಲದಲ್ಲಿ ಗಂಗೊಳ್ಳಿ ಅಳಿವೆಯಲ್ಲಿ ಬೀಸುಬಲೆ ಹಾಕುವ ಮೊದಲು ಅಪ್ಪಯ್ಯ ಮಾಡುತ್ತಿದ್ದುದೂ ಇದನ್ನೇ. ಹೊಳೆನೀರು ಎಷ್ಟು ದೂರ ನುಗ್ಗಿದೆ, ಎಲ್ಲಿಂದ ಸವುಳು ಶುರುವಾಗಿದೆ ಎಂದು ಅವರು ನಾಲಿಗೆಯಲ್ಲೇ ಅಳೆಯುತ್ತಿದ್ದರು. ಅದನ್ನು ನೋಡುತ್ತಲೇ ಬೆಳೆದವನು ನಾನು. ಸಮುದ್ರ ಬದಲಾದ ಕೂಡಲೇ ಮರೆತುಬಿಟ್ಟಿದ್ದೆ.

ಓದಿದ ಪಾಠವನ್ನೂ ಮರೆತಿದ್ದೆ, ಅದು ಇನ್ನೂ ನಾಚಿಕೆ. ಟ್ರೌಟ್‌ನ ರಕ್ತದ ಉಪ್ಪು ಲೀಟರಿಗೆ ಸುಮಾರು 9–10 ಗ್ರಾಂ ಉಪ್ಪಿರುವ ನೀರಿಗೆ ಸಮ. ಹೊರಗಿನ ಜಲಸಂಧಿಯ ನೀರಿನಲ್ಲಿ ಉಪ್ಪು ಅದರ ಹೆಚ್ಚುಕಡಿಮೆ ಇಮ್ಮಡಿ. ಅಲ್ಲಿ ಮೀನು ಸಮುದ್ರದ ನೀರನ್ನೇ ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರಿನಿಂದ ಸದಾ ಹೊರಹಾಕುತ್ತಿರಬೇಕು. ನೀರು ನಾಲ್ಕು ಡಿಗ್ರಿಗಿಂತ ಕೆಳಗಿಳಿದರೆ ಆ ಕೆಲಸ ಕುಂಟುತ್ತದೆ. ಹಾಗಾಗಿ ಆ ವರ್ಷ ಮೊಟ್ಟೆಯಿಡದ ಬೆಳ್ಳಿ ಬಣ್ಣದ ಎಳೆಯ ಮೀನುಗಳು ಉಪ್ಪು ಕಡಿಮೆ ಇರುವ ಫ್ಯೋರ್ಡುಗಳಿಗೆ ಸೇರಿಕೊಳ್ಳುತ್ತವೆ. ನನ್ನ ಚಿರತೆ ತಳ ಸುಂದರವಾಗಿಯೇ ಇತ್ತು, ಖಾಲಿಯೂ ಇತ್ತು.

ಹನ್ನೊಂದಕ್ಕೆ ನೀರು ಎರಡೂವರೆ ಡಿಗ್ರಿ. ಹಿರಿಯರು ಫ್ಲಾಸ್ಕಿನ ಕಾಫಿ ಕುಡಿಯುತ್ತ ಕುಳಿತರು. ಬಿಸಿಲು ಬಿದ್ದು ಕೆಸರು ಕಾಯಲಿ ಎಂದರು. ದುಡ್ಡು ಕೊಟ್ಟ ಅತಿಥಿಗಳನ್ನು ದಡದಲ್ಲಿ ಕೂರಿಸುವ ಧೈರ್ಯ ನನಗೆ ಇರಲಿಲ್ಲ. ನಾನಾಗಿದ್ದರೆ ಗಾಳ ಎಸೆಯಿರಿ ಎನ್ನುತ್ತಿದ್ದೆ, ಸುಮ್ಮನೆ ಕೆಲಸ ನಡೆಯುತ್ತಿದೆ ಎಂದು ತೋರಿಸಲು. ಒಂದೂವರೆಗೆ ಥರ್ಮಾಮೀಟರ್ ಮೂರೂವರೆ ತೋರಿಸಿತು. ಆಗ ಎದ್ದರು. ಗುಲಾಬಿ ಬಣ್ಣದ ಸೀಗಡಿಯಂಥ ಕೃತಕ ಎರೆಯನ್ನು ಎಸೆದು, ಎಳೆದೂ ಎಳೆಯದಂತೆ ಎಳೆಸಿದರು. ಎಳೆಯುವುದು, ನಿಲ್ಲಿಸುವುದು, ಮತ್ತೆ ಎಳೆಯುವುದು. ಮೂರು ಗಂಟೆಯೊಳಗೆ ನಾಲ್ಕು ಮೀನು. ಮೊದಲನೆಯದು ಸುಮಾರು 45 ಸೆಂಟಿಮೀಟರ್. ಹುರುಪೆ ಎಷ್ಟು ಸಡಿಲವೆಂದರೆ ಒದ್ದೆ ಅಂಗೈಗೆ ಬೆಳ್ಳಿ ಚೂರುಗಳಂತೆ ಅಂಟಿಕೊಂಡಿತು.

ಕೊನೆಯದು 60 ದಾಟಿತ್ತು. ಅತಿಥಿ ಕುಣಿದಾಡಿಬಿಟ್ಟರು. ಸಮುದ್ರದಲ್ಲಿ ಕನಿಷ್ಠ ಅಳತೆ 40 ಸೆಂಟಿಮೀಟರ್. ಮೊಟ್ಟೆಯಿಡುವ ಕಾಲದ ಬಣ್ಣ ಹೊತ್ತ ಮೀನಿಗೆ ನವೆಂಬರ್ 16ರಿಂದ ಜನವರಿ 15ರವರೆಗೆ ರಕ್ಷಣೆ, ಆ ಗಡುವೂ ಮುಗಿದಿತ್ತು. ಇಟ್ಟುಕೊಂಡರೆ ಕಾನೂನು ಅಡ್ಡ ಬರುತ್ತಿರಲಿಲ್ಲ. ಆದರೆ ದೊಡ್ಡ ತಲೆ, ಬತ್ತಿದ ಹೊಟ್ಟೆ, ಹಾವಿನಂಥ ಮೈ. ತೊರೆಯಲ್ಲಿ ಮೊಟ್ಟೆಯಿಟ್ಟು ಈಗಷ್ಟೇ ಇಳಿದು ಬಂದ ಮೀನು ಅದು. ನಾನು ಬಾಯಿ ತೆರೆಯಲು ಹಿಂಜರಿಯುತ್ತಿದ್ದಾಗ ಹಿರಿಯರು ನಗುತ್ತಲೇ ಹೇಳಿದರು: “ಇದನ್ನು ತಿಂದರೆ ನೀವು ಮತ್ತೆ ಈ ದ್ವೀಪಕ್ಕೆ ಬರುವುದಿಲ್ಲ.” ನೀರು ನೀರಾದ ಮಾಂಸ, ರುಚಿಯೇ ಇರದು. ಅತಿಥಿಯೂ ನಕ್ಕರು. ಮೀನನ್ನು ನೀರಿನಿಂದ ಮೇಲೆತ್ತದೆಯೇ ಗಾಳ ಬಿಡಿಸಿದೆವು. ಹೆಪ್ಪುಗಟ್ಟುವ ಗಾಳಿಗೆ ಕಿವಿರು ಒಡ್ಡಿದರೆ ಬಿಟ್ಟರೂ ಬದುಕುವುದು ಅನುಮಾನ.

ಈಗ ನನ್ನ ನೋಟ್‌ಬುಕ್ಕಿನಲ್ಲಿ ಜಾಗದ ಹೆಸರು ಕೊನೆಯ ಕಾಲಂನಲ್ಲಿದೆ. ಮೊದಲು ನೀರಿನ ಡಿಗ್ರಿ, ನಂತರ ಗಾಳಿಯ ದಿಕ್ಕು, ನಂತರ ರುಚಿ. ರುಚಿಯ ಕಾಲಂನಲ್ಲಿ ಮೂರೇ ಪದ: ಸಪ್ಪೆ, ಸವುಳು, ಉಪ್ಪು.

ಆ ರಾತ್ರಿ ಅಪ್ಪಯ್ಯನಿಗೆ ಫೋನ್ ಮಾಡಿ ಬೆರಳು ಅದ್ದಿದ ಕಥೆ ಹೇಳಿದೆ. ಅದರಲ್ಲಿ ಅವರಿಗೆ ಹೊಸತೇನೂ ಕಾಣಲಿಲ್ಲ. ನಾಲ್ಕು ಮೀನು ಏನಾಯಿತು ಎಂದು ಕೇಳಿದರು. ಎಲ್ಲವನ್ನೂ ಬಿಟ್ಟೆವು ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ.

“ಹಿಡಿದು ಬಿಡುವುದಕ್ಕೆ ಸಂಬಳ ಕೊಡುತ್ತಾರೆಯೇ?” ಎಂದರು.