ತೊರ್ಚೆಲ್ಲೊ ಎಂಬ ಕುದ್ರು

ಮಗಳು ಪಾದೊವಾದಲ್ಲಿ ಓದುತ್ತಿರುವುದರಿಂದ ಕಳೆದ ಅಕ್ಟೋಬರಿನಲ್ಲಿ ಮೂರು ವಾರ ಅವಳೊಂದಿಗೆ ಇದ್ದು ಬಂದೆ. ಅಲ್ಲಿಂದ ವೆನಿಸಿಗೆ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಮೊದಲ ಎರಡು ದಿನ ಸಂತ ಮಾರ್ಕನ ಚೌಕ, ಅರಮನೆ, ರಿಯಾಲ್ತೊ ಸೇತುವೆ ಎಂದು ಎಲ್ಲರೂ ನೋಡುವುದನ್ನೇ ನೋಡಿದೆವು. ಅವು ನಿಜಕ್ಕೂ ಸುಂದರವಾಗಿವೆ. ಆದರೆ ಅವುಗಳ ವಿಷಯವನ್ನು ಬೇರೆಯವರು ಸಾಕಷ್ಟು ಬರೆದಿದ್ದಾರೆ. ನನಗೆ ವೆನಿಸ್ ಅರ್ಥವಾದದ್ದು ಮೂರನೆಯ ದಿನ, ತೊರ್ಚೆಲ್ಲೊ ದ್ವೀಪದಲ್ಲಿ.

ನಾನು ಬಸ್ರೂರಿನವಳು. ವಾರಾಹಿಯ ದಡದ ಈ ಊರು ಒಂದು ಕಾಲದಲ್ಲಿ ದೊಡ್ಡ ಬಂದರಾಗಿತ್ತು. ಇಲ್ಲಿಂದ ಅಕ್ಕಿ ಹೇರಿಕೊಂಡ ಹಡಗುಗಳು ಗೋವೆಗೆ ಹೋಗುತ್ತಿದ್ದವು. 1665ರಲ್ಲಿ ಶಿವಾಜಿ ಹಡಗುಪಡೆಯೊಡನೆ ಬಂದು ಕೊಳ್ಳೆ ಹೊಡೆಯುವಷ್ಟು ಸಿರಿವಂತಿಕೆ ಇಲ್ಲಿತ್ತು. ಇಂದು ಆ ಬಂದರನ್ನು ಶಾಸನದ ಕಲ್ಲುಗಳಲ್ಲಿ ಮತ್ತು ಕೇರಿಗಳ ಹೆಸರುಗಳಲ್ಲಿ ಹುಡುಕಬೇಕು. ಹೀಗಾಗಿ ಬಂದರೊಂದು ಊರಿನ ಕೈಬಿಟ್ಟು ಹೋದರೆ ಏನುಳಿಯುತ್ತದೆ ಎಂಬುದನ್ನು ನಾನು ಬಾಲ್ಯದಿಂದಲೇ ಬಲ್ಲೆ.

ಫೊಂದಮೆಂತೆ ನೊವೆ ಎಂಬ ಕಟ್ಟೆಯಿಂದ ವಪೊರೆತ್ತೊ ಎನ್ನುವ ಸಾರ್ವಜನಿಕ ದೋಣಿ ಹೊರಡುತ್ತದೆ. ಸುಮಾರು 550 ಚದರ ಕಿಲೊಮೀಟರ್ ಹರಡಿಕೊಂಡಿರುವ ಆ ಹಿನ್ನೀರು ಕಣ್ಣಿಗೆ ಕಡಲಿನಂತೆ ಕಂಡರೂ ಬಹುಪಾಲು ಆಳವಿಲ್ಲದ್ದು. ಮೂರು ಮೂರು ಮರದ ಕಂಬಗಳನ್ನು ತಲೆ ಕೂಡಿಸಿ ಕಟ್ಟಿ ನೀರಿನಲ್ಲಿ ನೆಟ್ಟಿದ್ದಾರೆ. ದೋಣಿಗಳು ಆ ಗುರುತಿನ ದಾರಿ ಬಿಟ್ಟು ಸರಿದರೆ ಕೆಸರಿಗೆ ಕಚ್ಚಿಕೊಳ್ಳುತ್ತವೆ. ನಮ್ಮ ಗಂಗೊಳ್ಳಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ದೋಣಿ ನಡೆಸುವವರ ಎಚ್ಚರವೇ ಅಲ್ಲಿಯೂ ಬೇಕು.

ದಾರಿಯಲ್ಲಿ ಸಿಗುವುದು ಮುರಾನೊ. ಬೆಂಕಿಯ ಭಯದಿಂದ ಗಾಜಿನ ಕುಲುಮೆಗಳನ್ನೆಲ್ಲ ನಗರದಿಂದ ಈ ದ್ವೀಪಕ್ಕೆ ಸಾಗಿಸಬೇಕೆಂದು 1291ರಲ್ಲಿ ವೆನಿಸಿನ ಆಡಳಿತ ಆಜ್ಞೆ ಮಾಡಿತು; ಇಂದಿಗೂ ಅಲ್ಲಿ ಕುಲುಮೆಗಳು ಉರಿಯುತ್ತಿವೆ. ಮುಂದಿನದು ಬಣ್ಣಬಣ್ಣದ ಮನೆಗಳ, ಸೂಜಿಯಲ್ಲಿ ಹೆಣೆದ ಲೇಸಿನ ಬುರಾನೊ. ಅಲ್ಲಿ ಜನಜಂಗುಳಿ ಬಹಳವಿದ್ದುದರಿಂದ ನಾವು ಹೆಚ್ಚು ನಿಲ್ಲಲಿಲ್ಲ.

ತೊರ್ಚೆಲ್ಲೊದಲ್ಲಿ ಇಳಿದವರು ಬೆರಳೆಣಿಕೆಯಷ್ಟು ಮಂದಿ. ಕಾಲುವೆಯ ಪಕ್ಕದ ಇಟ್ಟಿಗೆ ಹಾದಿಯಲ್ಲಿ ಹತ್ತು ನಿಮಿಷ ನಡೆದರೆ ಹಿಡಿಗೋಡೆಯಿಲ್ಲದ ಹಳೆಯ ಸೇತುವೆಯೊಂದು ಎದುರಾಗುತ್ತದೆ. ಅದನ್ನು ಸೈತಾನನ ಸೇತುವೆ ಎನ್ನುತ್ತಾರೆ. ನನಗೆ ಅದು ನಮ್ಮೂರಿನ ಕಾಲುಸಂಕವೇ. ಸುತ್ತ ಜೌಗು ಹುಲ್ಲು, ತರಕಾರಿ ತೋಟ, ಕೊಕ್ಕರೆಗಳು. ನದಿಯ ನಡುವಿನ ಇಂಥ ತಗ್ಗು ನೆಲವನ್ನು ನಾವು ಕುದ್ರು ಎಂದು ಕರೆಯುತ್ತೇವೆ, ಅದಕ್ಕಿಂತ ಸರಿಯಾದ ಹೆಸರು ನನಗೆ ಹೊಳೆಯಲಿಲ್ಲ.

ಈ ಕುದ್ರು ವೆನಿಸಿಗಿಂತ ಮೊದಲೇ ಬೆಳೆದ ಊರು. ಮುಖ್ಯ ಭೂಭಾಗದ ಅಲ್ತಿನೊ ಎಂಬ ರೋಮನ್ ಪಟ್ಟಣದ ಜನ ದಾಳಿಕೋರರಿಗೆ ಹೆದರಿ ಇಲ್ಲಿಗೆ ಬಂದು ನೆಲೆಸಿದರು. 639ರಲ್ಲಿ ಇಲ್ಲಿಯ ಚರ್ಚಿನ ಸ್ಥಾಪನೆಯಾಯಿತೆಂದು ಶಾಸನವಿದೆ. ಹತ್ತನೆಯ ಶತಮಾನದಲ್ಲಿ ಬೈಜಾಂಟಿಯಂನ ಚಕ್ರವರ್ತಿಯೊಬ್ಬ ತೊರ್ಚೆಲ್ಲೊವನ್ನು ‘ದೊಡ್ಡ ವ್ಯಾಪಾರ ಕೇಂದ್ರ’ ಎಂದು ಬರೆದಿದ್ದಾನೆ. ಆಮೇಲೆ ನದಿಗಳು ತಂದು ಸುರಿದ ಹೂಳಿನಿಂದ ಕಾಲುವೆಗಳು ಕಟ್ಟಿಕೊಂಡವು, ನಿಂತ ನೀರಿನಲ್ಲಿ ಮಲೇರಿಯಾ ಹುಟ್ಟಿತು, ಜನ ಒಬ್ಬೊಬ್ಬರಾಗಿ ಮುರಾನೊಗೆ, ವೆನಿಸಿಗೆ ಸರಿದರು. ಬಿಟ್ಟುಹೋದ ಮನೆಗಳ ಕಲ್ಲುಗಳನ್ನು ಸಹ ಕಿತ್ತು ದೋಣಿಗಳಲ್ಲಿ ಸಾಗಿಸಿ ವೆನಿಸಿನ ಕಟ್ಟಡಗಳಿಗೆ ಬಳಸಿದರು.

ಉಳಿದದ್ದು ಸಂತಾ ಮರಿಯಾ ಅಸ್ಸುಂತಾ ಎಂಬ ಆ ಮಹಾ ಚರ್ಚು. ಅದರ ಕಿಟಕಿಗಳ ಬಾಗಿಲುಗಳು ಕಲ್ಲಿನ ಚಪ್ಪಡಿಗಳು. ಕಲ್ಲಿನದೇ ತಿರುಗಣಿಯ ಮೇಲೆ ನಿಂತಿವೆ. ಒಳಗೆ ಪೂರ್ವದ ಅರೆಗುಮ್ಮಟದಲ್ಲಿ ಬಂಗಾರದ ಬಯಲಿನ ನಡುವೆ ನೀಲಿ ಉಡುಗೆಯ ಮರಿಯಮ್ಮ ಮಗುವನ್ನೆತ್ತಿಕೊಂಡು ಒಬ್ಬಳೇ ನಿಂತಿದ್ದಾಳೆ. ಎದುರಿನ ಗೋಡೆಯುದ್ದಕ್ಕೂ ಅಂತಿಮ ತೀರ್ಪಿನ ದೃಶ್ಯವನ್ನು ಗಾಜಿನ ಹರಳುಗಳಲ್ಲಿ ಜೋಡಿಸಿದ್ದಾರೆ. ಅದರಲ್ಲಿ ಬುರುಡೆಗಳ ಕಣ್ಣಿನ ಕುಳಿಗಳಿಂದ ಹಾವುಗಳು ಹೊರಬರುತ್ತವೆ. ಊರೇ ಇಲ್ಲದ ಊರಿನಲ್ಲಿ ಆ ತಾಯಿ ಯಾರನ್ನು ಕಾಯುತ್ತಿದ್ದಾಳೆ ಎಂದು ಯೋಚಿಸುತ್ತ ನಾನು ಬಹಳ ಹೊತ್ತು ಕುಳಿತಿದ್ದೆ. ಬಸ್ರೂರಿನಲ್ಲಿ ಮರದ ಬೇರುಗಳೇ ಗುಡಿಯಾಗಿರುವ ತುಳುವೇಶ್ವರನ ಮುಂದೆ ನಿಂತಾಗಲೂ ನನ್ನ ಮನಸ್ಸು ಹೀಗೆಯೇ ಆಗುತ್ತದೆ.

ತೊರ್ಚೆಲ್ಲೊಗೆ ಬಂದ ಗತಿ ತಮಗೆ ಬರಬಾರದೆಂದು ವೆನಿಸಿನವರು ಮಾಡಿದ ಕೆಲಸ ಅವರ ಅರಮನೆಗಳಿಗಿಂತ ದೊಡ್ಡದು ಎಂದು ನನಗೆ ಅನ್ನಿಸುತ್ತದೆ. ಬ್ರೆಂತಾ, ಸಿಲೆ, ಪಿಯಾವೆ ನದಿಗಳು ಹಿನ್ನೀರಿಗೆ ಹೂಳು ತುಂಬದಂತೆ ಅವುಗಳ ಪಾತ್ರವನ್ನೇ ತಿರುಗಿಸಿ, ತಲೆಮಾರುಗಳ ಕಾಲ ಕಾಲುವೆ ತೋಡಿ, ನೇರವಾಗಿ ಕಡಲಿಗೆ ಬಿಟ್ಟರು. ನೀರಿನ ಆಡಳಿತಕ್ಕೆಂದೇ 1501ರಲ್ಲಿ ಪ್ರತ್ಯೇಕ ಅಧಿಕಾರವರ್ಗವನ್ನು ನೇಮಿಸಿದರು.

ಹೂಳನ್ನು ತಡೆದರೆ ಸಾಲದು, ಕಡಲನ್ನೂ ತಡೆಯಬೇಕು. ಅದನ್ನು ನೋಡಲು ಮರುದಿನ ಲಿದೊ ದ್ವೀಪದಿಂದ ಕಿಯೊಜ್ಜಾಕ್ಕೆ ಹೊರಟೆವು. ಬಸ್ಸೇ ದೊಡ್ಡ ದೋಣಿಯನ್ನೇರಿ ಮಲಮೊಕ್ಕೊ ಅಳಿವೆಯನ್ನು ದಾಟಿ ಪೆಲ್ಲೆಸ್ತ್ರಿನಾ ಎಂಬ ಕಿರಿದಾದ ದ್ವೀಪದಲ್ಲಿ ಇಳಿಯುತ್ತದೆ. ಒಂದು ಪಕ್ಕ ಹಿನ್ನೀರು, ಇನ್ನೊಂದು ಪಕ್ಕ ಏಡ್ರಿಯಾಟಿಕ್ ಕಡಲು, ನಡುವೆ 1744ರಿಂದ 1782ರವರೆಗೆ ಬಿಳಿಯ ಇಸ್ತ್ರಿಯಾ ಕಲ್ಲಿನಿಂದ ಕಟ್ಟಿದ ತಡೆಗೋಡೆ. ‘ರೋಮನ್ನರ ಧೈರ್ಯ, ವೆನಿಸಿನ ಹಣ’ ಎಂಬ ಅರ್ಥದ ಲ್ಯಾಟಿನ್ ಸಾಲು ಅದರ ಶಾಸನದಲ್ಲಿದೆ. 1966ರ ನವೆಂಬರ್ 4ರಂದು ಕಡಲು ಈ ಗೋಡೆಯನ್ನೂ ಒಡೆದು ನುಗ್ಗಿತು. ಆ ದಿನ ವೆನಿಸಿನಲ್ಲಿ ಭರತದ ನೀರು 194 ಸೆಂಟಿಮೀಟರ್ ಏರಿತ್ತು. ಈಗ ಮೂರೂ ಅಳಿವೆಗಳ ತಳದಲ್ಲಿ 78 ಉಕ್ಕಿನ ಕದಗಳನ್ನು ಮಲಗಿಸಿದ್ದಾರೆ. 2020ರ ಅಕ್ಟೋಬರ್ 3ರಂದು ಮೊದಲ ಬಾರಿಗೆ ಅವು ಎದ್ದು ನಿಂತು ಭರತವನ್ನು ತಡೆದವು. ಮಳೆಗಾಲ ಬಂದೊಡನೆ ಮರವಂತೆಯಲ್ಲಿ ಕಡಲ್ಕೊರೆತಕ್ಕೆ ಕಲ್ಲು ಸುರಿಯುವುದನ್ನು ವರ್ಷವರ್ಷವೂ ನೋಡಿದ ನಾನು ಆ ಗೋಡೆಯ ಮೇಲೆ ಅಂಗೈ ಇಟ್ಟು ನಿಂತೆ.

ಕಿಯೊಜ್ಜಾ ಮೀನುಗಾರರ ಊರು. ಸುಮಾರು 1420ರಲ್ಲಿ ವಿಜಯನಗರವನ್ನು ಕಂಡ ವರ್ತಕ ನಿಕೊಲೊ ದೆ ಕೊಂತಿ ಈ ಊರಿನವನು. ಸುಮಾರು 25 ವರ್ಷ ಪೂರ್ವದ ನಾಡುಗಳಲ್ಲಿ ಅಲೆದ ಅವನು ಹಿಂದಿರುಗುವ ದಾರಿಯಲ್ಲಿ ಈಜಿಪ್ಟಿನಲ್ಲಿ ಪ್ಲೇಗಿಗೆ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ. ಪೋಪರ ಕಾರ್ಯದರ್ಶಿ ಪೊಜ್ಜೊ ಬ್ರಾಚೊಲಿನಿ ಬರೆದುಕೊಂಡ ಅವನ ಹೇಳಿಕೆಯಲ್ಲಿ, ಹಬ್ಬದ ದಿನ ಗುಡಿಗಳ ಒಳಗೂ ಮಾಡಿನ ಮೇಲೂ ಹಗಲಿರುಳು ಉರಿಯುತ್ತಿದ್ದ ಎಣ್ಣೆಯ ದೀಪಗಳ ಮಾತು ಬರುತ್ತದೆ. ಅದು ನಮ್ಮ ದೀಪಾವಳಿಯೇ ಇರಬೇಕು.

ಮಧ್ಯಾಹ್ನ ಕಾಲುವೆಯ ಪಕ್ಕದ ಸಣ್ಣ ಹೋಟೆಲಿನಲ್ಲಿ ಹುರಿದ ಬೂತಾಯಿಯನ್ನು ಈರುಳ್ಳಿ, ವಿನೆಗರ್, ಒಣದ್ರಾಕ್ಷಿಯಲ್ಲಿ ನೆನೆಸಿಟ್ಟ ಪದಾರ್ಥವನ್ನು ತಿಂದೆವು. ಹಡಗಿನವರಿಗೆ ಹಲವು ದಿನ ಕೆಡದಿರಲೆಂದು ಹುಟ್ಟಿದ ಅಡುಗೆಯದು. ಮಗಳು ‘ಅಮ್ಮ, ಹುಳಿ ನಮ್ಮ ಹಾಗೆಯೇ ಉಂಟಲ್ಲ’ ಎಂದಳು. ಬಡಿಸಿದ ಹೆಂಗಸು ನಮ್ಮೂರು ಯಾವುದೆಂದು ಕೇಳಿದಾಗ ಮಗಳು ಇಂಡಿಯಾ ಎಂದಳು. ನಾನು ಬಸ್ರೂರು ಎಂದೂ ಸೇರಿಸಿದೆ.