ಕ್ಯಾಮೆರಾಗೆ ಸಿಗದ ಗುರುವಿನ ಸಾಕ್ಷ್ಯಚಿತ್ರ: ಸಂಕಲನದ ಮೇಜಿನಿಂದ

ಅನ್ನಪೂರ್ಣಾ ದೇವಿಯಂಥವರ ಮೇಲೆ ಸಾಕ್ಷ್ಯಚಿತ್ರ ಮಾಡಲು ಹೊರಟವರು ಮೊದಲು ಹುಡುಕುವುದು ದೃಶ್ಯವನ್ನು. ಎಡವಟ್ಟು ಶುರುವಾಗುವುದೇ ಅಲ್ಲಿ. ಮೈಹರಿನ ಸಂಗೀತಗಾರ ಅಲ್ಲಾವುದ್ದೀನ್ ಖಾನರ ಈ ಮಗಳು, ಸುರ್‌ಬಹಾರ್ (ದೊಡ್ಡ ಸಿತಾರಿನಂಥ ತಂತಿವಾದ್ಯ) ವಾದಕಿ, 1950ರ ದಶಕದಲ್ಲೇ ವೇದಿಕೆಯಿಂದ ದೂರ ಸರಿದರು. 2018ರಲ್ಲಿ ತೀರಿಕೊಳ್ಳುವವರೆಗೂ ಮುಂಬೈನ ಮನೆಯಲ್ಲಿದ್ದು ಶಿಷ್ಯರಿಗೆ ಪಾಠ ಹೇಳಿದರು. ದೃಶ್ಯ ಸಿಗಲಿಲ್ಲವೆಂದು ಪಾರಿವಾಳ, ಮುಚ್ಚಿದ ಬಾಗಿಲು, ಬೆನ್ನು ತೋರಿಸಿ ಕೂತ ನಟಿ ಇವನ್ನೆಲ್ಲ ತುಂಬಿದರೆ ಚಿತ್ರ ಅವರ ಏಕಾಂತದ್ದಾಗುತ್ತದೆ, ಸಂಗೀತದ್ದಾಗುವುದಿಲ್ಲ. ನಮ್ಮ ಲೆಕ್ಕದಲ್ಲಿ ಇಂಥ ಚಿತ್ರದ ಸಮಯ, ದುಡ್ಡು ಎರಡರಲ್ಲೂ ದೊಡ್ಡ ಪಾಲು ಧ್ವನಿಗೇ ಹೋಗಬೇಕು.

ಕೈಯಿಂದ ಕೈಗೆ ಬಂದ ಅವರ ಧ್ವನಿಮುದ್ರಣಗಳು ಬೆರಳೆಣಿಕೆಯಷ್ಟು: ಸುರ್‌ಬಹಾರ್‌ನಲ್ಲಿ ಮಾಂಜ್ ಖಮಾಜ್, ಕೌಶಿಕಿ ರಾಗಗಳು, ರವಿಶಂಕರ್ ಜೊತೆಗಿನ ಯಮನ್ ಕಲ್ಯಾಣ್. ಹೀಗೆ ಬಂದವು ಬಹುಪಾಲು ಪ್ರತಿಯ ಪ್ರತಿ. ಹಳೆಯ ಸ್ಪೂಲ್ (ಟೇಪಿನ ಸುರುಳಿ) ಸಿಕ್ಕರೆ ಮೊದಲು ಬೆಳಕಿಗೆ ಹಿಡಿದು ನೋಡಿ. ಸುತ್ತಿನ ಮೂಲಕ ಬೆಳಕು ತೂರಿ ಬಂದರೆ ಅದು ಅಸಿಟೇಟ್. ಅಂಟಂಟಾದ ಪಾಲಿಯೆಸ್ಟರ್ ಟೇಪನ್ನು ಹದವಾಗಿ ಬಿಸಿ ಮಾಡಿ ಓಡಿಸುವ ಉಪಾಯ ಇದಕ್ಕೆ ಸಲ್ಲದು, ಟೇಪೇ ಹಾಳಾಗುತ್ತದೆ. ಟೇಪಿನ ಧ್ವನಿಯನ್ನು ಕಂಪ್ಯೂಟರಿಗೆ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಇಳಿಸಿಕೊಂಡು, ಆ ಮೂಲ ಫೈಲನ್ನು ಮುಟ್ಟದೆ ಪ್ರತಿಯ ಮೇಲೆ ಕೆಲಸ ಮಾಡಿ.

ಮುಂದಿನ ಪ್ರಶ್ನೆ ವೇಗ. ಮುದ್ರಣದೊಳಗೆ ಕರೆಂಟಿನ ಗುಂಯ್ ಸದ್ದು ಸೇರಿದ್ದರೆ ಆವರ್ತನಗಳನ್ನು ಗೆರೆಗಳಾಗಿ ತೋರಿಸುವ ಸ್ಪೆಕ್ಟ್ರಮ್‌ನಲ್ಲಿ ಅದು 50 ಹರ್ಟ್ಸ್ ಆಸುಪಾಸು ಕಾಣಬೇಕು. 52ರಲ್ಲಿ ಕಂಡರೆ ಟೇಪ್ ಶೇ. 4ರಷ್ಟು ಜೋರಾಗಿ ಓಡಿದೆ, ಅರ್ಧ ಸ್ವರದ (ಸೆಮಿಟೋನ್) ಮೂರರಲ್ಲಿ ಎರಡು ಪಾಲಿನಷ್ಟು ಶ್ರುತಿ ಏರಿದೆ ಎಂದರ್ಥ. ಒಮ್ಮೊಮ್ಮೆ ಎರಡು ಗೆರೆ ಕಾಣುತ್ತವೆ. ಒಂದು ಮೂಲದ್ದು, ಇನ್ನೊಂದು ಆಮೇಲೆ ಪ್ರತಿ ಮಾಡಿದ ಯಂತ್ರದ್ದು. ಹಳೆಯ ಕಾಲದ ವಿದ್ಯುತ್ ಆವರ್ತನವೂ ಏರುಪೇರಾಗುತ್ತಿತ್ತು. ಹಾಗಾಗಿ ಇದು ಬರೀ ಸುಳಿವು. ಆ ವಾದ್ಯದ ಷಡ್ಜ ಬಲ್ಲ ಶಿಷ್ಯರೊಬ್ಬರು ಕೇಳಿ ಒಪ್ಪಲೇಬೇಕು.

ಟೇಪಿನ ಉಸ್ಸೆನ್ನುವ ಸದ್ದು ತೆಗೆಯುವಾಗ ಆಗುವಷ್ಟು ಅನಾಹುತ ಬೇರೆಲ್ಲೂ ಆಗುವುದಿಲ್ಲ. ಸುರ್‌ಬಹಾರ್‌ನಲ್ಲಿ ಒಂದೇ ಮೀಟಿನ ಮೇಲೆ ತಂತಿ ಎಳೆದು ಹಲವು ಸ್ವರ ತೋರಿಸುತ್ತಾರೆ. ಈ ಎಳೆತದ, ಅಂದರೆ ಮೀಂಡಿನ, ಕೊನೆಗೆ ಉಳಿಯುವುದು ಜವಾರಿಯ (ತಂತಿ ಒರಗುವ ಕುದುರೆಯ) ಝೇಂಕಾರ ಮತ್ತು ಮೀಟದೆಯೇ ಮಿಡಿಯುವ ತರಬ್ ತಂತಿಗಳ ಅನುರಣನ ಮಾತ್ರ. ಸಾಫ್ಟ್‌ವೇರ್ ಅದನ್ನೇ ಗದ್ದಲವೆಂದು ಹಿಡಿದು ಒರೆಸಿಹಾಕುತ್ತದೆ. ಗದ್ದಲದ ಮಾದರಿಯನ್ನು ವಾದನ ಶುರುವಾಗುವ ಮೊದಲಿನ ಖಾಲಿ ಟೇಪಿನಿಂದಷ್ಟೇ ತೆಗೆದುಕೊಳ್ಳಿ, ನಡುವಿನ ವಿರಾಮದಿಂದ ಬೇಡ. 6 ಡೆಸಿಬೆಲ್‌ಗಿಂತ ಹೆಚ್ಚು ಇಳಿಸಬೇಡಿ. ತೆಗೆದುಹಾಕಿದ ಭಾಗವನ್ನಷ್ಟೇ ಬೇರೆಯಾಗಿ ಕೇಳಿ. ಅದರಲ್ಲಿ ರಾಗದ ಗುರುತು ಹತ್ತಿದರೆ ಅತಿಯಾಯಿತೆಂದೇ ಲೆಕ್ಕ.

ಆಲಾಪದ ಮೇಲೆ ನಿರೂಪಣೆ ಹಾಕಬೇಡಿ. ಕತ್ತರಿಸಲೇಬೇಕಾದರೆ ಷಡ್ಜಕ್ಕೆ ಬಂದು ನಿಂತ ಮೇಲೆ, ನಾದ ಪೂರ್ತಿ ಆರಿದ ಬಳಿಕ ಕತ್ತರಿಸಿ. ಮೂರು ನಿಮಿಷವಾದರೂ ಅಖಂಡವಾಗಿ ಬಿಡುವ ಧೈರ್ಯ ಬೇಕು.

ಅನ್ನಪೂರ್ಣಾ ದೇವಿ ಕೊಳಲು, ಸರೋದ್, ಸಿತಾರ್ ವಾದಕರಿಗೆಲ್ಲ ಹಾಡಿಯೇ ಕಲಿಸುತ್ತಿದ್ದರು. ಆದ್ದರಿಂದ ಕೊಳಲು ವಾದಕ ನಿತ್ಯಾನಂದ ಹಳದೀಪುರರಂಥ ಶಿಷ್ಯರ ಸಂದರ್ಶನಕ್ಕೆ ವಾದ್ಯ ಕೈಯಲ್ಲೇ ಇರಲಿ. ಕಂಠಕ್ಕೊಂದು, ವಾದ್ಯಕ್ಕೊಂದು ಮೈಕ್ ಇಟ್ಟು ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಹಿಡಿಯಿರಿ. ಗುರು ಹೇಳಿಕೊಟ್ಟ ಪಲುಕನ್ನು ಹಾಡಿ ತಕ್ಷಣ ನುಡಿಸಿ ತೋರಿಸುವ ಆ ಕೆಲವು ಸೆಕೆಂಡುಗಳಲ್ಲೇ ಪಾಠದ ಕ್ರಮ ಕಣ್ಣಿಗೆ ಬೀಳುತ್ತದೆ.

ಸ್ಥಿರಚಿತ್ರಗಳ ವಿಷಯದಲ್ಲೊಂದು ಎಚ್ಚರ. ಫ್ರೇಮ್ ಚೆನ್ನಾಗಿ ಕೂರಲೆಂದು ಫೋಟೊವನ್ನು ಎಡಬಲ ತಿರುವುವ ಅಭ್ಯಾಸ ಸಂಕಲನಕಾರರಿಗಿದೆ. ಹರಿಪ್ರಸಾದ್ ಚೌರಾಸಿಯಾ ಅನ್ನಪೂರ್ಣಾ ದೇವಿಯವರ ಬಳಿ ಮೊದಲಿನಿಂದ ಕಲಿಯಲು ಬಂದಾಗ ಕೊಳಲನ್ನು ಬಲಬದಿಯಿಂದ ಎಡಬದಿಗೆ ಬದಲಿಸಿದವರು. ಅವರ ಫೋಟೊ ತಿರುವಿದರೆ ಆ ಸಂಗತಿಯೇ ತಿರುಗುಮುರುಗಾಗುತ್ತದೆ.